ಖಾನಾವಳಿಯ ಹೋಳಿಗೆ

"ಕೀಲಿ ಹಾಕ್ಯಾರ," ಎಂದ ಅಂಬರೀಶ, ತನ್ನ ಟಂಟಂ ಆಟೋದಿಂದ ಇಳಿಯದೆ. "ಖಾನಾವಳಿ ಬಸವಂತಮ್ಮನ ಅತ್ತಿ ಮಸರಕಲ್ದಾಗ ತೀರಿಕೊಂಡಾಳಂತ. ಇನ್ನ ನಾಕೈದು ದಿನ ಒಲಿ ಹಚ್ಚಂಗಿಲ್ಲ ಅಂತ ಬಾಜೂ ಪಾನ್‌ಡಬ್ಬಿಯಾಂವ ಹೇಳಿದ."

ಅಕ್ಕ ಮೌನೇಶ್ವರಿ ಮಲ್ಲಿಗೆ ಬಳ್ಳಿಗೆ ನೀರು ಬಿಡುತ್ತಿದ್ದಳು. ಪೈಪು ಹಿಡಿದ ಕೈ ಹಾಗೇ ನಿಂತಿತು. ಪಾತಿ ತುಂಬಿ ನೀರು ಹುಲ್ಲಿನ ಮೇಲೆ ಹರಿಯಿತು. ಹೊತ್ತು ಏರುವ ಮೊದಲೇ ದೇವದುರ್ಗದ ಬಿಸಿಲು ಕಂಪೌಂಡ್ ಗೋಡೆಯನ್ನು ಕಾಯಿಸತೊಡಗಿತ್ತು. ದವನದ ಹುಣ್ಣಿಮೆ. ಸಂಜೆ ಇದೇ ಹುಲ್ಲಿನ ಮೇಲೆ ಬೆಳದಿಂಗಳ ಊಟ. ಎದುರು ಮನೆಯ ಗಡಿಗೆಪ್ಪ ಸಾಹುಕಾರರ ಮನೆಯವರೆಲ್ಲ ಬರುವುದಿತ್ತು.

"ಹೋಗಿ ಊಟ ಇಲ್ಲ ಅಂತ ಹೇಳಿ ಬಾ," ಎಂದ ಅಂಬರೀಶ. "ಅವರು ಉಣ್ಣಲಿಲ್ಲಂದ್ರ ನಮ್ಮ ಗಿಡ ಏನು ಒಣಗಂಗಿಲ್ಲ."

"ಸುಮ್ಮನಿರಲೇ. ಕರೆದು ಬ್ಯಾಡ ಅಂತ ಹೆಂಗ ಹೇಳಾದು?"

ಅವ್ವ ದುರುಗಮ್ಮ ಬಾಗಿಲಿಗೆ ಬಂದಳು. "ಯಾಕ, ನನ್ನ ಕೈಗೇನು ಧಾಡಿ ಆಗ್ಯಾದ? ನಾ ಮಾಡ್ತೀನಿ."

ಅಕ್ಕ ತಮ್ಮ ಒಬ್ಬರ ಮುಖ ಒಬ್ಬರು ನೋಡಿದರು.

ತೋಟ ದುರುಗಮ್ಮನದು. ಮಗಳು ಸರ್ಕಾರಿ ಹೈಸ್ಕೂಲಿನ ಟೀಚರಾಗಿ ಈ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸುವಾಗ, "ಮನಿ ಸಣ್ಣದಾದ್ರೂ ಚಿಂತಿಲ್ಲ, ಮುಂದ ಮಣ್ಣು ಬಿಡ್ರಿ," ಎಂದು ಹಟ ಹಿಡಿದವಳು ಅವಳೇ. ಗೂಗಲ್ ಎಂಬ ಹಳ್ಳಿಯ ಕಡೆಯ ಹೊಲಗಳಲ್ಲಿ ಇನ್ನೊಬ್ಬರ ಹತ್ತಿ, ಇನ್ನೊಬ್ಬರ ಮೆಣಸಿನಕಾಯಿ ಬಿಡಿಸಿ ಸವೆದ ಕೈ ಅದು. ತನ್ನದು ಅನ್ನುವ ಮಣ್ಣು ಸಿಕ್ಕಿದ್ದೇ ತಡ, ಮಲ್ಲಿಗೆ ಹಬ್ಬಿಸಿದಳು, ನಿಂಬೆ, ಕರಿಬೇವು, ಪತ್ರಿ ಗಿಡ ಹಚ್ಚಿದಳು. ಮೊದಲೇ ಇದ್ದ ಬೇವಿನ ಮರದ ಬುಡಕ್ಕೆ ಒಂದು ಕಲ್ಲುಚಪ್ಪಡಿ ಹಾಕಿಸಿ ಸುತ್ತ ಹುಲ್ಲು ಬೆಳೆಸಿದಳು. ಬಡಾವಣೆಯ ಉಳಿದವರು ಅಂಗಳಕ್ಕೆಲ್ಲ ಟೈಲ್ಸ್ ಬಡಿಸಿಕೊಂಡು, ಬೇಸಿಗೆ ಬಂತೆಂದರೆ ಹಂಚಿನ ಮೇಲಿನ ರೊಟ್ಟಿಯಂತೆ ಬೇಯುತ್ತಿದ್ದರು. ಅದಕ್ಕೇ ಸಂಜೆಯಾದರೆ ಎಲ್ಲರ ಕಾಲು ಈ ತೋಟದ ಕಡೆ ಎಳೆಯುತ್ತಿತ್ತು.

ಎಲ್ಲರಿಗಿಂತ ಮೊದಲು ಬರುವವಳು ಗಡಿಗೆಪ್ಪನವರ ಹೆಂಡತಿ ಶರಣಮ್ಮ. ಬೆಳಿಗ್ಗೆ ಪೂಜೆಗೆ ಹೂವು, ಪತ್ರಿ ಹರಿಯಲು ಒಮ್ಮೆ, ಸಂಜೆ ಗಾಳಿಗೆ ಒಮ್ಮೆ. ಸಂಜೆ ಬರುವಾಗ ಒಗ್ಗರಣೆ ಮಂಡಕ್ಕಿಯ ಡಬ್ಬಿ, ನೀರಿನ ಬಾಟಲಿ ಎರಡೂ ಅವಳ ಕೈಯಲ್ಲೇ ಇರುತ್ತಿದ್ದವು. "ಬಯಲಾಗ ಕುಂತು ತಿನ್ನಾದ್ರ ಮಜಾನ ಬ್ಯಾರೆ, ಏನಂತಿ ದುರುಗವ್ವ?" ಎನ್ನುವಳು. ದುರುಗಮ್ಮ "ಹೌದ್ರಿ ಅವ್ವಾರ" ಎನ್ನುವಳು. ಬಾಟಲಿ ಖಾಲಿಯಾದರೆ ಸೊಸೆ ಸುನಂದಾ ರಸ್ತೆ ದಾಟಿ ಹೋಗಿ ತುಂಬಿಸಿಕೊಂಡು ಬರುವಳು. ದುರುಗಮ್ಮನ ಮನೆಯ ನಳ ಅದಕ್ಕಿಂತ ಹತ್ತಿರವಿತ್ತು. ಹೋದ ಬೇಸಿಗೆ ಒಂದು ಸಂಜೆ ದುರುಗಮ್ಮ ಬೆಲ್ಲದ ಪಾನಕ ಮಾಡಿ ತಂದುಕೊಟ್ಟಿದ್ದಳು. "ಈಗ ಕುಡದು ಬಂದೆ ನೋಡು, ಅಲ್ಲಿಡು," ಎಂದಿದ್ದಳು ಶರಣಮ್ಮ. ಅವರು ಎದ್ದು ಹೋದ ಮೇಲೆ ಅಂಬರೀಶ ಲೋಟದೊಳಗೆ ತೇಲುತ್ತಿದ್ದ ಇರುವೆಗಳನ್ನು ಅವ್ವನಿಗೆ ತೋರಿಸಿದ್ದ.

"ನೋಡು. ನಮ್ಮ ಹೂವು ಅವರ ದೇವರಿಗಿ ನಡೀತದ. ನಮ್ಮ ನೀರು ಅವರಿಗಿ ನಡಿಯಂಗಿಲ್ಲ."

"ಆಕಿ ಖರೇನ ಕುಡದು ಬಂದಿರಬೌದು," ಎಂದು ದುರುಗಮ್ಮ ಲೋಟ ತೊಳೆದಿದ್ದಳು.

ಈ ಸಲ ಊಟಕ್ಕೆ ಕರೆಯೋಣ ಎಂದು ಹೇಳಿದವಳೂ ಅವಳೇ. ಕರೆಯಲು ಹೋದ ಮೌನೇಶ್ವರಿಗೆ ಶರಣಮ್ಮ ಕೇಳಿದ ಮೊದಲ ಮಾತು, "ಅಡಗಿ ಯಾರು ಮಾಡ್ತಾರ್ರೀ ಟೀಚರ್?" ಎಂದು. ಖಾನಾವಳಿಯಿಂದ ಎಂದರೆ, ಯಾವ ಖಾನಾವಳಿ ಎಂದಳು. ಬೋರ್ಡಿನ ಮೇಲೆ ಮಾಲಕಿಯ ಹೆಸರಿಗಿಂತ ಜಾತಿಯ ಹೆಸರು ದೊಡ್ಡದಾಗಿ ಬರೆಸಿಕೊಂಡ ಖಾನಾವಳಿ ಒಂದಿತ್ತು. ಮೌನೇಶ್ವರಿ ಅದನ್ನೇ ಹೇಳಿದಳು. "ಹಂಗಾರ ಬರ್ತೀವಿ ಬಿಡ್ರಿ," ಎಂದು ಶರಣಮ್ಮ ನಕ್ಕಳು.

ಈಗ ಆ ಖಾನಾವಳಿಯ ಬಾಗಿಲಿಗೆ ಬೀಗ.

"ಮಾಡು ಬೇ ಯವ್ವಾ, ನೀನ ಮಾಡು," ಎಂದ ಅಂಬರೀಶ ಕೊನೆಗೆ. "ಆದ್ರ ನಿನ್ನ ಅಡಗಿ ಅಂತ ಮೊದಲ ಹೇಳಿ ಬಡಸಬೇಕು."

"ಮೊದಲ ಹೇಳಿದ್ರ ಕುಂದ್ರಾದ ಇಲ್ಲ ಅವರು," ಎಂದಳು ಮೌನೇಶ್ವರಿ. "ನಾ ದಿನಾ ಅವರ ಮುಖ ನೋಡಬೇಕು. ನೀನು ಟಂಟಂ ಹತ್ತಿ ಮಾನ್ವಿಗೋ ರಾಯಚೂರಿಗೋ ಹೋಗಿಬಿಡ್ತಿ."

"ಎಂಟನೇತ್ತಕ್ಕ ಸಾಲಿ ಬಿಟ್ಟಾಂವ ಟಂಟಂ ಹತ್ತದ ಏನು ವಿಮಾನ ಹತ್ತಲೇನು?"

"ಜಗಳ ಬ್ಯಾಡ," ಎಂದಳು ದುರುಗಮ್ಮ. "ನಾವಾಗಿ ಹೇಳಾದು ಬ್ಯಾಡ. ಕೇಳಿದ್ರ ಮಾತ್ರ ಸುಳ್ಳು ಹೇಳಾದಿಲ್ಲ. ಅಷ್ಟ. ಏ ಅಂಬ್ರ್ಯಾ, ಹೋಗಿ ಕಡ್ಲಿಬ್ಯಾಳಿ, ಬೆಲ್ಲ, ಬೇನಿಶಾ ಮಾವಿನಹಣ್ಣು ತಗೊಂಡು ಬಾ. ಮೆತ್ತಗಿದ್ದದ್ದು ನೋಡಿ ತಾ."

ದಿನವೆಲ್ಲ ಅಡಿಗೆಮನೆ ಕುದಿಯಿತು. ಫ್ಯಾನು ಹಾಕಿದರೆ ಒಲೆಯ ಉರಿ ಆರುತ್ತದೆಂದು ಅದೂ ಇಲ್ಲ. ದುರುಗಮ್ಮ ಹೂರಣ ರುಬ್ಬಲು ಮಿಕ್ಸಿಯನ್ನು ಮುಟ್ಟಗೊಡಲಿಲ್ಲ. ಹಿತ್ತಲ ಒರಳಿನ ಮುಂದೆ ತಾನೇ ಕುಳಿತಳು. ಬೆವರು ಕಣ್ಣಿಗಿಳಿದರೆ ಮೊಣಕೈಯಿಂದ ಒರೆಸಿಕೊಳ್ಳುತ್ತಿದ್ದಳು. ಹಿಟ್ಟಿಗೆ ಎಣ್ಣೆ ಕುಡಿಸಿ ನಾದುವಾಗ ಬಾಯಲ್ಲಿ ಹಾಡಿನಂಥದ್ದೇನೋ ಇತ್ತು. ಮಕ್ಕಳು ಅವಳನ್ನು ಇಷ್ಟು ಖುಷಿಯಾಗಿ ನೋಡಿ ಬಹಳ ಕಾಲವಾಗಿತ್ತು. ಅದನ್ನು ನೋಡಿ ಅಂಬರೀಶನ ಸಿಟ್ಟು ಇನ್ನಷ್ಟು ಹೆಚ್ಚಿತು.

ಸಂಜೆ ಹುಲ್ಲಿಗೆ ನೀರು ಹೊಡೆದು, ಒಣಗಿದ ಜಾಗ ನೋಡಿ ಜಮಖಾನೆ ಹಾಸಿದರು. ಚಂದ್ರ ನೀರಿನ ಟ್ಯಾಂಕಿನ ಮೇಲೆ ಬಂದಾಗ ಗಡಿಗೆಪ್ಪ, ಶರಣಮ್ಮ, ಸುನಂದಾ, ಮತ್ತೆ ಗಡಿಗೆಪ್ಪ ದಂಪತಿಯ ಮಗಳು ಕಾವ್ಯಾ ಗೇಟು ತೆರೆದು ಬಂದರು. ಮುತ್ತಲ ಎಲೆ ಹಾಕಿದ್ದಾಯಿತು. ಪಕ್ಕಕ್ಕೆ ಅಂಗಡಿಯಿಂದ ತಂದ ಸೀಲ್ ನೀರಿನ ಬಾಟಲಿಗಳು. ಕಾವ್ಯಾ ಮಲ್ಲಿಗೆ ಬಳ್ಳಿಗೆ ಕೆನ್ನೆ ಒರಗಿಸಿ ಫೋಟೋ ತೆಗೆದುಕೊಂಡಳು.

"ಖಾನಾವಳಿಯವರು ಹೊತ್ತಿಗಿ ಸರಿಯಾಗಿ ಕಳಿಸ್ಯಾರಲ್ಲ? ಭೇಷ್," ಎಂದರು ಗಡಿಗೆಪ್ಪ, ಸಾಲಾಗಿಟ್ಟ ಪಾತ್ರೆಗಳನ್ನು ನೋಡಿ.

"ಹೂಂ ರೀ," ಎಂದುಬಿಟ್ಟಳು ಮೌನೇಶ್ವರಿ.

ದುರುಗಮ್ಮ ಮಗಳ ಮುಖ ನೋಡಿದಳು. ಮಗಳು ಎಲೆಗಳನ್ನು ಸರಿಮಾಡುತ್ತಿದ್ದಳು. ದುರುಗಮ್ಮ ಹೋಳಿಗೆಯ ಬುಟ್ಟಿ ಎತ್ತಿಕೊಳ್ಳಲು ಬಗ್ಗಿದಳು. ಅಷ್ಟರಲ್ಲಿ ಸುನಂದಾ ಬಂದು ಬುಟ್ಟಿಗೆ ಕೈ ಹಾಕಿದಳು. "ನೀವು ಕುಂದರ್ರಿ ಅಮ್ಮಾರ, ವಯಸ್ಸಾದೋರು. ನಾ ಬಡಸ್ತೀನಿ." ಮಾತು ಮೆತ್ತಗಿತ್ತು. ಬುಟ್ಟಿ ಕೈಬಿಟ್ಟು ಹೋಯಿತು. ದುರುಗಮ್ಮ ಬೇವಿನ ಮರದ ಕೆಳಗಿನ ಕಲ್ಲಿನ ಮೇಲೆ ಹೋಗಿ ಕುಳಿತಳು, ತನ್ನದೇ ಮನೆಗೆ ಬಂದ ಬೀಗಿತ್ತಿಯ ಹಾಗೆ.

ಊಟ ನಡೆಯಿತು. ಹೋಳಿಗೆ, ಸೀಕರಣೆ, ಎಣ್ಣೆಗಾಯಿ, ಕಟ್ಟಿನ ಸಾರು. ಗಡಿಗೆಪ್ಪ ಮಾತು ನಿಲ್ಲಿಸಿ ಉಂಡರು. ಡಯಟ್ ಎನ್ನುತ್ತ ಕುಳಿತ ಕಾವ್ಯಾ ಮೂರನೆಯ ಹೋಳಿಗೆಗೆ ಕೈ ಚಾಚಿದಳು. ದುರುಗಮ್ಮ ಪ್ರತಿ ತುತ್ತನ್ನೂ ಎಲೆಯಿಂದ ಬಾಯಿಯ ತನಕ ಕಣ್ಣಲ್ಲೇ ಕಳಿಸುತ್ತಿದ್ದಳು.

"ಅಯ್ಯ ಶಿವನೇ, ಏನು ಹೂರಣ ಇದು, ಬೆಣ್ಣಿ ಬೆಣ್ಣಿ," ಎಂದಳು ಶರಣಮ್ಮ. ಬೆರಳನ್ನು ಚೀಪಿ, "ಏನರ ಅನ್ರಿ ಟೀಚರ್, ಹೋಳಿಗಿ ಮಾತ್ರ ನಮ್ಮೋರ ಕೈಯಾಗ ಬರಬೇಕು. ಬಾಯಾಗ ಇಟ್ಟಕೂಡ್ಲೇ ಕೈಯ ಗುರ್ತ ಹತ್ತಿಬಿಡ್ತದ."

ಅಂಬರೀಶ ಗೇಟಿಗೆ ಒರಗಿ ನಿಂತಿದ್ದವನು ನೆಟ್ಟಗಾದ.

"ಹೌದತ್ತಿ," ಎಂದಳು ಸುನಂದಾ. ಅವಳೂ ಈಗ ಉಣ್ಣಲು ಕುಳಿತಿದ್ದಳು. "ಕಾವ್ಯಾನ ನಿಶ್ಚಯಕ್ಕ ಇವರಿಗೇ ಹೇಳಮು. ಟೀಚರ್, ಆ ಖಾನಾವಳಿ ನಂಬರ್ ಕೊಡ್ರಿ."

"ನಾಳಿ ವಾಟ್ಸಾಪ್ ಮಾಡ್ತೀನ್ರಿ," ಎಂದಳು ಮೌನೇಶ್ವರಿ ಅವಸರದಲ್ಲಿ.

"ನಾಳಿ ಯಾಕ? ಹೋಳಿಗಿ ಮಾಡಿದವ್ರ ನಂಬರ್ ನನಗ ಗೊತ್ತದ," ಎಂದ ಅಂಬರೀಶ. "ಹೊಡಿರಿ, ಹೇಳ್ತೀನಿ."

"ಲೇ ಅಂಬ್ರ್ಯಾ," ಎಂದಳು ಅಕ್ಕ. ಅವನು ಕೇಳಲಿಲ್ಲ. ಒಂದೊಂದೇ ಅಂಕಿ ಬಿಡಿಸಿ ಹೇಳಿದ. ಸುನಂದಾ ಎಡಗೈಯಲ್ಲಿ ಒತ್ತುತ್ತ ಹೋದಳು. "ಒಂದು ಮಿಸ್ ಕಾಲ್ ಕೊಡ್ತೀನಿ, ಅವರ ಕಡಿಗೂ ನನ್ನ ನಂಬರ್ ಇರಲಿ," ಎಂದು ಫೋನು ಕಿವಿಗಿಟ್ಟುಕೊಂಡಳು.

ಬೇವಿನ ಮರದ ಕೆಳಗೆ ಫೋನು ಬಡಿದುಕೊಳ್ಳತೊಡಗಿತು.

ದುರುಗಮ್ಮ ನಡುವಿಗೆ ಸಿಕ್ಕಿಸಿದ್ದ ಸಣ್ಣ ಸೆಟ್ಟನ್ನು ಹೊರತೆಗೆದಳು. ಅದು ಬೆಳಗಿ ಅವಳ ಗಲ್ಲವೆಲ್ಲ ಹಸಿರಾಯಿತು. ಮಗನನ್ನು ನೋಡಿದಳು. ಮಗಳನ್ನು ನೋಡಿದಳು. ಮೌನೇಶ್ವರಿ ಕಣ್ಣಲ್ಲೇ ಬೇಡ ಎಂದಳು. ಫೋನು ಇನ್ನೂ ಬಡಿದುಕೊಳ್ಳುತ್ತಿತ್ತು. ಬೇಕೆಂದರೆ ಅದನ್ನು ಬಂದ್ ಮಾಡಿ, ಯಾರೋ ಊರಿನವರು ಎಂದು ಹೇಳಬಹುದಿತ್ತು. ಅದು ಅವಳಿಗೂ ಹೊಳೆಯಿತು.

ಅವಳು ಹಸಿರು ಗುಂಡಿ ಒತ್ತಿ ಕಿವಿಗಿಟ್ಟುಕೊಂಡಳು.

"ಹೇಳ್ರಿ," ಎಂದಳು, ಸುನಂದಾಳನ್ನೇ ನೋಡುತ್ತ. "ಎಷ್ಟು ಮಂದಿಗಿ ಆಗಬೇಕು?"

ಸುನಂದಾಳಿಗೆ ಆ ಮಾತು ಒಂದು ಕಿವಿಗೆ ಫೋನಿನಿಂದ, ಇನ್ನೊಂದು ಕಿವಿಗೆ ಮರದ ಬುಡದಿಂದ ಕೇಳಿಸಿತು. ಅವಳು ಫೋನು ಇಳಿಸಲಿಲ್ಲ. ಕಾವ್ಯಾ ಅಗಿಯುವುದನ್ನು ನಿಲ್ಲಿಸಿದಳು. ಎದುರು ಮನೆಯ ಕೂಲರಿನ ಸದ್ದು ಇಲ್ಲಿಯ ತನಕ ಬರುತ್ತಿತ್ತು.

ಗಡಿಗೆಪ್ಪ ಹೆಂಡತಿಯ ಮುಖ ನೋಡಿದರು, ಮತ್ತೆ ತಮ್ಮ ಎಲೆ ನೋಡಿದರು. ಅದರಲ್ಲಿ ಅರ್ಧ ಹೋಳಿಗೆ ಉಳಿದಿತ್ತು.

"ದುರುಗವ್ವ," ಎಂದರು, ಗಂಟಲು ಸರಿಮಾಡಿಕೊಂಡು. "ತುಪ್ಪ ತಾ ಇತ್ತ."

ದುರುಗಮ್ಮ ಫೋನನ್ನು ನಡುವಿಗೆ ಸಿಕ್ಕಿಸಿ ಎದ್ದಳು. ಸುನಂದಾಳ ಪಕ್ಕದಲ್ಲಿದ್ದ ತುಪ್ಪದ ಗಿಂಡಿ ಎತ್ತಿಕೊಂಡಳು. ಗಡಿಗೆಪ್ಪನವರ ಹೋಳಿಗೆ ನೆನೆಯುವಷ್ಟು ಹಾಕಿದಳು. ಕಾವ್ಯಾ ತಾಯಿಯ ಕಡೆ ನೋಡಿದಳು. ಅಷ್ಟರಲ್ಲಿ ಅವಳ ಎಲೆಗೂ ತುಪ್ಪ ಬಿತ್ತು.

ಶರಣಮ್ಮನ ಅಂಗೈ ಎಲೆಯ ಮೇಲೆ ಅಡ್ಡವಾಗಿತ್ತು. ಬೆರಳುಗಳು ಸೀಕರಣೆಯಿಂದ ಹಳದಿಯಾಗಿದ್ದವು. ಅವಳು ಸಾಕು ಎನ್ನಲಿಲ್ಲ. ತಲೆ ಎತ್ತಲಿಲ್ಲ. ದುರುಗಮ್ಮ ಗಿಂಡಿ ಬಗ್ಗಿಸಿಕೊಂಡು ನಿಂತೇ ಇದ್ದಳು. ಗಿಂಡಿಯ ಮೂತಿಯಲ್ಲಿ ಒಂದು ಹನಿ ದಪ್ಪಗಾಗುತ್ತ ಬಂದು ಶರಣಮ್ಮನ ಹಿಂಗೈ ಮೇಲೆ ಬಿತ್ತು. ಅವಳು ಕೈ ಎಳೆದುಕೊಳ್ಳಲಿಲ್ಲ, ಒರೆಸಿಕೊಳ್ಳಲೂ ಇಲ್ಲ. ತುಪ್ಪ ಬೆಳದಿಂಗಳಲ್ಲಿ ಮಿನುಗುತ್ತ ಬೆರಳ ಸಂದಿಗೆ ಇಳಿದು, ಅಲ್ಲಿಂದ ಎಲೆಗೆ ಹೋಯಿತು.