ಹಬೆಮನೆಯಲ್ಲಿ ಸನ್ನದು ತಿದ್ದುಪಡಿ

ಗ್ಲುಖೋವ್ಕಾ ಪುರಸಭೆಯ ಅಧ್ಯಕ್ಷೆ ಕಪಿತೊಲೀನಾ ಯೆಗೋರೊವ್ನಾ ಆ ಶನಿವಾರ ಹಾಸಿಗೆಯಿಂದ ಏಳುವಾಗಲೇ ಯಾರ ಮೇಲಾದರೂ ಸಿಡುಕಲು ತಯಾರಾಗಿದ್ದಳು. ಸಿಡುಕದೆ ಇನ್ನೇನು ಮಾಡಿಯಾಳು? ಅವತ್ತು ತನ್ನ ಕೈಯಾರೆ ಊರಿನ ಹಬೆಮನೆಗೆ ಬೀಗ ಹಾಕಿಸಬೇಕಿತ್ತು. ಅದೂ ಶನಿವಾರ! ಬರ್ಚ್ ಸೊಪ್ಪಿನ ಕಟ್ಟನ್ನು ಕಂಕುಳಲ್ಲಿ ಇರುಕಿಕೊಂಡು ಊರಿಗೆ ಊರೇ ಹಬೆಮನೆಗೆ ಹೊರಡುವ ದಿನ.

ವಿಷಯ ಇಷ್ಟೇ. ಊರಿಗೊಂದು ಸನ್ನದು ಇದೆ. ಪುರಸಭೆ ಯಾವ ಯಾವ ಕೆಲಸಕ್ಕೆ ಖರ್ಚು ಮಾಡಬಹುದು ಎಂದು ಅದರಲ್ಲಿ ಬರೆದಿದೆ. ಬರೆಯದ್ದಕ್ಕೆ ಒಂದು ಕೊಪೆಕ್ ಕಾಸನ್ನೂ ಬಿಚ್ಚುವಂತಿಲ್ಲ. ರಾಜಧಾನಿಯಲ್ಲಿ ಕೂತವರಿಗೆ ಬೇರೆ ಕಸುಬಿಲ್ಲ, ವರ್ಷವರ್ಷವೂ ಕಾನೂನು ಬದಲಿಸುತ್ತಾರೆ. ಇಲ್ಲಿಯವರು ಅದಕ್ಕೆ ತಕ್ಕಂತೆ ಸನ್ನದು ತಿದ್ದುತ್ತಾರೆ. ಹೋದ ವರ್ಷ ಊರಿನಲ್ಲಿ ಇಲ್ಲವೇ ಇಲ್ಲದ ಬಂದರಿನ ನಿರ್ವಹಣೆಯನ್ನು ಸೇರಿಸಿದ್ದರು. ಸಮುದ್ರ ಎಲ್ಲಿದೆ ಎಂದು ಯಾರೂ ಕೇಳಲಿಲ್ಲ, ಸುಮ್ಮನೆ ಕೈ ಎತ್ತಿ ಮನೆಗೆ ಹೋದರು. ಈ ವರ್ಷ ಜನರಿಗೆ ಸ್ನಾನ ಮಾಡಿಸುವುದು ಪುರಸಭೆಯ ಕೆಲಸವಲ್ಲ ಎಂದು ಆದೇಶ ಬಂದಿತು. ಸನ್ನದಿನಿಂದ ಸ್ನಾನವನ್ನು ತೆಗೆಯಬೇಕು. ತೆಗೆಯದಿದ್ದರೆ ಜಿಲ್ಲೆಯ ಅನುದಾನ ನಿಲ್ಲುತ್ತದೆ, ಶಾಲೆಯ ಮಕ್ಕಳು ಚಳಿಗಾಲವೆಲ್ಲ ಸೌದೆಯಿಲ್ಲದೆ ನಡುಗಬೇಕು.

ಕಪಿತೊಲೀನಾಳ ಸಂಕಟ ಅದಕ್ಕಿಂತ ದೊಡ್ಡದು. ಅವಳ ತಾಯಿ ಯೆವ್ದೊಕೀಯಾಗೆ ವಯಸ್ಸಾಗಿ ಮರೆವು ಕವಿದಿತ್ತು. "ಡಾಕ್ಟ್ರಮ್ಮಾ, ನನ್ನ ಮನೆಗೆ ಯಾವಾಗ ಕಳಿಸ್ತೀರಾ?" ಎಂದು ತನ್ನದೇ ಮನೆಯಲ್ಲಿ, ತನ್ನದೇ ಮಂಚದ ಮೇಲೆ ಕೂತು ಮಗಳನ್ನು ಕೇಳುತ್ತಿದ್ದಳು. ವಾರವೆಲ್ಲ ಇದೇ ಪಾಡು. ಆದರೆ ಶನಿವಾರ ಹಬೆಮನೆಯ ಹಲಗೆಯ ಮೇಲೆ ಕೂರಿಸಿ ಬೆನ್ನಿಗೆ ಒಂದು ಚೊಂಬು ಬಿಸಿನೀರು ಹೊಯ್ದರೆ ಸಾಕು, ಮುದುಕಿ ಕಣ್ಣರಳಿಸಿ, "ಕಾಪ್ಕಾ, ಕಿವಿ ಹಿಂದೆ ಉಜ್ಜೇ ಸೋಮಾರಿ" ಎಂದು ಗದರುತ್ತಿದ್ದಳು. ಕಪಿತೊಲೀನಾಳನ್ನು ಕಾಪ್ಕಾ ಎಂದು ಕರೆಯುವವರು ಈ ಭೂಮಿಯ ಮೇಲೆ ಇನ್ನೊಬ್ಬರಿರಲಿಲ್ಲ. ಮನೆಯ ತೊಟ್ಟಿಯಲ್ಲಿ ಕೂರಿಸಿ ನೀರು ಹೊಯ್ದೂ ನೋಡಿದ್ದಳು. "ಚಳಿ ಆಗುತ್ತೆ ಡಾಕ್ಟ್ರಮ್ಮಾ" ಎಂದಿದ್ದಳು ತಾಯಿ. ಹಬೆಮನೆ ಹೋದರೆ ಆ ಹೆಸರೂ ಹೋಯಿತು.

ತಿದ್ದುಪಡಿ ಸರಿಯಾಗಿ ನಡೆಯುತ್ತದೋ ಇಲ್ಲವೋ ಎಂದು ನೋಡಲು ಜಿಲ್ಲಾ ಕಾನೂನು ಅಧಿಕಾರಿ ವಿಕೆಂತಿ ರೊದಿಯೊನೊವಿಚ್ ಬಂದಿಳಿದ. ದಪ್ಪ ಮನುಷ್ಯ, ಅದಕ್ಕಿಂತ ದಪ್ಪ ಚರ್ಮದ ಚೀಲ. ಪುರಸಭೆ ಕಟ್ಟಡಕ್ಕೆ ಕಾಲಿಟ್ಟವನೇ ನಡುಗಿಬಿಟ್ಟ. ಅಲ್ಲಿನ ಒಲೆ ಒಡೆದುಹೋಗಿ ಬಹಳ ಕಾಲವಾಗಿತ್ತು, ದವಾತಿಯ ಮಸಿ ಕಲ್ಲಾಗಿತ್ತು.

"ಏನ್ರೀ ಇದು, ಆಫೀಸೋ ಹೆಣ ಇಡೋ ಜಾಗಾನೋ?" ಎಂದು ಅವನು ಎಗರಾಡಿದ. "ಆಡಳಿತ ಕಟ್ಟಡದಲ್ಲಿ ಹದಿನೆಂಟು ಡಿಗ್ರಿಗಿಂತ ಕಡಿಮೆ ಇರೋ ಹಾಗಿಲ್ಲ. ಸೌದೆ ಖರ್ಚಿಗೆ ಕಾನೂನೇ ದಾರಿ ಮಾಡಿಕೊಟ್ಟಿದೆ. ನಿಮಗೆ ಬುದ್ಧಿ ಬೇಡ್ವಾ?"

"ಬುದ್ಧಿ ಇದೆ ಸ್ವಾಮಿ, ಒಲೆ ಇಲ್ಲ" ಎಂದಳು ಕಪಿತೊಲೀನಾ.

ಸಭೆಗೆ ಬಂದಿದ್ದವಳು ಒಬ್ಬಳೇ ಒಬ್ಬಳು, ದಿನಸಿ ಅಂಗಡಿಯ ಲುಕೇರ್ಯಾ ಫೊಮೀನಿಶ್ನಾ. ಸದಸ್ಯೆಯೂ ಅವಳೇ, ಕಾರ್ಯದರ್ಶಿಯೂ ಅವಳೇ. ಸನ್ನದು ತಿದ್ದಲು ಹತ್ತು ಜನರಲ್ಲಿ ಏಳು ಕೈ ಏಳಬೇಕು.

"ಗಂಡಸರೆಲ್ಲ ಎಲ್ಲಿ ಹಾಳಾಗಿಹೋದ್ರು?" ಅಧಿಕಾರಿ ಕೇಳಿದ.

"ಇಬ್ರು ಊರಲ್ಲಿಲ್ಲ, ಉಳಿದೋರು ಹಬೆಮನೇಲಿ. ಇವತ್ತು ಕೊನೇ ಶನಿವಾರ ಅಲ್ವಾ, ಸ್ವರ್ಗ ಕರೆದ್ರೂ ಬರಲ್ಲ ಅಂದಿದಾರೆ" ಎಂದು ಲುಕೇರ್ಯಾ ಶಾಲು ಬಿಗಿದುಕೊಂಡಳು.

ಸೋಮವಾರ ಬೆಳಿಗ್ಗೆ ವರದಿ ಒಪ್ಪಿಸಬೇಕಿದ್ದ ವಿಕೆಂತಿಗೆ ಬೇರೆ ದಾರಿ ಕಾಣಲಿಲ್ಲ. ಮೂವರೂ ಸನ್ನದು, ನಡಾವಳಿ ಪುಸ್ತಕ, ಮೊಹರು ಹೊತ್ತುಕೊಂಡು ಹಿಮ ತುಳಿಯುತ್ತಾ ನದಿ ಬೀದಿಯ ಹಬೆಮನೆಗೆ ಹೋದರು. ಗಂಡಸರ ಸರದಿ ನಡೆಯುತ್ತಿತ್ತು. ಆರು ಜನ ಪುರಸಭಾ ಸದಸ್ಯರು ಉಣ್ಣೆ ಟೋಪಿಯೊಂದನ್ನು ಬಿಟ್ಟು ಮೈಮೇಲೆ ನೂಲೆಳೆಯೂ ಇಲ್ಲದೆ ಒಳಗೆ ಕೂತು ಸೊಪ್ಪಿನ ಕಟ್ಟಿನಿಂದ ಬೆನ್ನಿಗೆ ಬಾರಿಸಿಕೊಳ್ಳುತ್ತಿದ್ದರು. ಹೆಂಗಸರಿಬ್ಬರೂ ಬಟ್ಟೆ ಬಿಚ್ಚುವ ಕೋಣೆಯಲ್ಲಿ ಬಾಗಿಲಿಗೆ ಬೆನ್ನು ಹಾಕಿ ಕೂತರು. ಎಣಿಸಲು ಯಾರಾದರೂ ಒಳಗೆ ಹೋಗಲೇಬೇಕಲ್ಲ? ವಿಕೆಂತಿ ಕೋಟು ಕಳಚಿದ, ಅಂಗಿ ಕಳಚಿದ, ಸ್ವಲ್ಪ ಯೋಚಿಸಿ ಉಳಿದದ್ದನ್ನೂ ಕಳಚಿ, ಚರ್ಮದ ಚೀಲವನ್ನು ಮುಂದೆ ಹಿಡಿದುಕೊಂಡು ಒಳಗೆ ನುಗ್ಗಿದ.

"ಬನ್ನಿ ಬನ್ನಿ, ಮೇಲಿನ ಹಲಗೆಗೇ ಬನ್ನಿ" ಎಂದು ಅಗ್ನಿಶಾಮಕದ ಸವೇಲಿ ನಿಕಾಂದ್ರೊವಿಚ್ ಕಾದ ಕಲ್ಲಿನ ಮೇಲೆ ಒಂದು ಚೊಂಬು ನೀರು ಎರಚಿದ. ಹಬೆ ಬುಸ್ಸೆಂದಿತು. "ಅಯ್ಯಯ್ಯಪ್ಪಾ!" ಎಂದು ಅಧಿಕಾರಿ ಚೀರಿದ. ಸ್ವಲ್ಪ ಹೊತ್ತಿಗೆ ಅದೇ ಬಾಯಿಂದ, "ಆಹಾ..." ಎಂದು ಬಂತು.

ಕಪಿತೊಲೀನಾ ಹೊರಗಿನಿಂದ ಗಟ್ಟಿಯಾಗಿ ಓದಿದಳು: "ಸನ್ನದಿನಿಂದ ಸಾರ್ವಜನಿಕ ಸ್ನಾನವನ್ನು ಕೈಬಿಡುವುದು. ಒಪ್ಪುವವರು ಕೈ ಎತ್ತಿ."

"ಆರು!" ಒಳಗಿನಿಂದ ವಿಕೆಂತಿ ಕೂಗಿದ.

"ಏನ್ ಆರು? ನಾನು ಬೆನ್ನಿಗೆ ಹೊಡ್ಕೊಳ್ಳೋಕೆ ಸೊಪ್ಪು ಎತ್ತಿದ್ದು ಕಣಯ್ಯಾ!" ಎಂದ ಸವೇಲಿ. "ನಾನೂ ಅಷ್ಟೇ," "ನನಗೆ ತುರಿಕೆ ಬಂದಿತ್ತು" ಎಂದು ಉಳಿದವರೂ ಗುಲ್ಲೆಬ್ಬಿಸಿದರು.

"ಎತ್ತಿದ್ದು ಎತ್ತಿದ್ದೇ. ಯಾಕೆ ಎತ್ತಿದ್ರಿ ಅಂತ ಕಾನೂನು ಕೇಳಲ್ಲ. ಬಂದರಿಗೂ ಹಿಂಗೇ ಎತ್ತಿದ್ರಲ್ಲ! ಏಳನೇದು ಎಲ್ಲಿ?"

ಲುಕೇರ್ಯಾ ಎರಡೂ ಕೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡಳು. "ನನ್ನ ಕೈ ಕಡಿದ್ರೂ ಎತ್ತಲ್ಲ. ಬೇಕಾದ್ರೆ ನೀವೇ ಎತ್ಕೊಳ್ಳಿ ಕಪಿತೊಲೀನಾ ಯೆಗೋರೊವ್ನಾ."

ಉಳಿದದ್ದು ಅಧ್ಯಕ್ಷೆಯ ಕೈ ಒಂದೇ. ಅವಳಿಗೆ ಶಾಲೆಯ ಮಕ್ಕಳ ನೀಲಿಗಟ್ಟಿದ ಬೆರಳು ನೆನಪಾಯಿತು. ಅಮ್ಮನ ಸುಕ್ಕುಬಿದ್ದ ಬೆನ್ನೂ ನೆನಪಾಯಿತು. ದೇವರೇ, ಯಾವ ಜನ್ಮದ ಪಾಪಕ್ಕೆ ಈ ಕುರ್ಚಿಯಲ್ಲಿ ಕೂರಿಸಿದೆ ಎಂದು ಮನಸ್ಸಿನಲ್ಲೇ ಶಪಿಸಿಕೊಂಡಳು. ಕಣ್ಣು ಮುಚ್ಚಿ ಕೈ ಎತ್ತಿದಳು.

"ಏಳು! ಅಂಗೀಕಾರ!" ಎಂದು ಕೆಂಪು ಮೂಲಂಗಿಯಂತಾಗಿದ್ದ ವಿಕೆಂತಿ ಹೊರಗೆ ತಲೆ ಹಾಕಿದ. "ಬೇಗ ಬರೀರಿ ನಡಾವಳೀನ."

ಲುಕೇರ್ಯಾ ಮುಖ ಊದಿಸಿಕೊಂಡೇ ಪುಸ್ತಕ ಬಿಚ್ಚಿದಳು. "ಸಭೆ ನಡೆದ ಸ್ಥಳ ಏನಂತ ಬರೀಲಿ? ಹಬೆಮನೆ, ಎಲ್ಲರೂ ಬೆತ್ತಲೆ ಅಂತಲೇ?"

ಅಧಿಕಾರಿಯ ಮುಖದ ಕೆಂಪು ಇಳಿಯಿತು. ಸನ್ನದನ್ನು ಕಿತ್ತುಕೊಂಡು ಹಾಳೆ ತಿರುವಿದ. ಪುರಸಭೆ ತನ್ನ ಆಡಳಿತ ಕಟ್ಟಡದಲ್ಲೇ ಸೇರತಕ್ಕದ್ದು, ಬೇರೆ ಕಡೆ ಎತ್ತಿದ ಕೈಗೆ ಬೆಲೆಯಿಲ್ಲ ಎಂದು ಅಲ್ಲಿ ಸ್ಪಷ್ಟವಾಗಿತ್ತು.

"ಅಸಿಂಧು! ಎಲ್ಲಾ ಅಸಿಂಧು! ಏಳ್ರೀ, ಬಟ್ಟೆ ಹಾಕ್ಕೊಂಡು ಕಟ್ಟಡಕ್ಕೆ ನಡೀರಿ!"

"ಬೆವರಿದ ಮೈಯಲ್ಲಿ ಆ ಮಂಜಿನ ಗೂಡಿಗಾ? ನೀವೇ ಹೋಗಿ ಸತ್ತು ತೋರಿಸಿ, ಆಮೇಲೆ ನಾವು ಬರ್ತೀವಿ" ಎಂದು ಸವೇಲಿ ಇನ್ನೊಂದು ಚೊಂಬು ಎರಚಿದ.

ವಿಕೆಂತಿಗೂ ಗೊತ್ತಿತ್ತು, ಇವರು ಒಮ್ಮೆ ಚಡ್ಡಿ ತೊಟ್ಟರೆಂದರೆ ಒಂದು ಕೈಯೂ ಏಳುವುದಿಲ್ಲ. ನಿಂತಲ್ಲೇ ತಲೆ ಕೆರೆದುಕೊಂಡ. ಆಮೇಲೆ ತನ್ನ ಬುದ್ಧಿಗೆ ತಾನೇ ಬೆರಗಾದವನಂತೆ ತೊಡೆ ತಟ್ಟಿಕೊಂಡ. "ಸುಲಭ ಕಣ್ರೀ! ಮೊದಲು ಇನ್ನೊಂದು ತಿದ್ದುಪಡಿ ಮಾಡೋಣ. ಪುರಸಭೆಯ ಆಡಳಿತ ಕಟ್ಟಡ ಇನ್ನು ಮುಂದೆ ನದಿ ಬೀದಿಯ ಈ ಕಟ್ಟಡ. ಆಗ ಎಲ್ಲಾ ಸಿಂಧು. ಸ್ನಾನ ತೆಗೆದಿದ್ದೂ ಸಿಂಧು."

"ಅಲ್ಲಾ ಸ್ವಾಮಿ, ಆ ತಿದ್ದುಪಡಿಗೂ ಇಲ್ಲೇ ತಾನೇ ಕೈ ಎತ್ತೋದು?" ಎಂದಳು ಲುಕೇರ್ಯಾ.

"ಅದು ಪಾಸಾದ ತಕ್ಷಣ ಇದು ಕಟ್ಟಡ ಆಗುತ್ತಲ್ಲಮ್ಮಾ! ಆದ್ದರಿಂದ ಅದೂ ಇಲ್ಲೇ ಆಗಿದ್ದು ಸರಿಯಾಗುತ್ತೆ. ಕಾನೂನು ಓದಿದೋನು ನಾನೋ ನೀವೋ?"

ಕಪಿತೊಲೀನಾ ಮಂಕಾಗಿ ಕೂತಿದ್ದವಳು ತಟ್ಟನೆ ತಲೆ ಎತ್ತಿದಳು. ಬೆಳಿಗ್ಗೆ ತಿಂದ ಬೈಗುಳ ಅವಳಿಗೆ ಅಕ್ಷರಕ್ಷರ ನೆನಪಾಯಿತು.

"ವಿಕೆಂತಿ ರೊದಿಯೊನೊವಿಚ್ ಅವರೇ, ಆಡಳಿತ ಕಟ್ಟಡ ಕಾಯಿಸೋ ಖರ್ಚು ಕಾನೂನುಬದ್ಧ ಅಂದ್ರಲ್ಲ?"

"ಮತ್ತೆ! ಕಾಯಿಸಲೇಬೇಕು. ಹದಿನೆಂಟಕ್ಕಿಂತ ಕಡಿಮೆ ಇರಕೂಡದು."

"ಎಷ್ಟಕ್ಕಿಂತ ಜಾಸ್ತಿ ಇರಕೂಡದು?"

ಅವನು ಚೀಲದಿಂದ ಒದ್ದೆ ನಿಯಮಪುಸ್ತಕ ತೆಗೆದು ಹುಡುಕಿದ. "ಅದು... ಬರೆದಿಲ್ಲ."

"ಸಭೆಗೆ ಊರಿನ ಯಾರು ಬೇಕಾದ್ರೂ ಬಂದು ಕೂರಬಹುದಾ?"

"ಸಾರ್ವಜನಿಕ ಸಭೆ, ಯಾರನ್ನೂ ತಡೆಯೋ ಹಾಗಿಲ್ಲ."

"ಯಾವ ಬಟ್ಟೇಲಿ ಬರಬೇಕು ಅಂತ ಇದೆಯಾ?"

ವಿಕೆಂತಿ ಅವಳನ್ನು ನೋಡಿದ, ಒಲೆಯನ್ನು ನೋಡಿದ, ಬೆವರಿನಲ್ಲಿ ಮಿನುಗುತ್ತಿದ್ದ ತನ್ನ ಹೊಟ್ಟೆಯನ್ನೂ ನೋಡಿಕೊಂಡ. ಇಪ್ಪತ್ತು ವರ್ಷದಿಂದ ಕಾಡುತ್ತಿದ್ದ ಸೊಂಟನೋವು ಆಗಲೇ ಅರ್ಧ ಬಿಟ್ಟುಹೋಗಿತ್ತು. "ಇಲ್ಲ" ಎಂದ ಮೆಲ್ಲಗೆ.

"ಹಾಗಾದ್ರೆ ಕೈ ಎತ್ರಪ್ಪಾ!" ಎಂದು ಅಧ್ಯಕ್ಷೆ ಕಿರುಚಿದ ರಭಸಕ್ಕೆ ಬಾಗಿಲಿನ ಚಿಲಕ ಅದುರಿತು. ಒಳಗೆ ಆರೂ ಸೊಪ್ಪಿನ ಕಟ್ಟು ಒಟ್ಟಿಗೆ ಎದ್ದವು, ಈ ಸಲ ಯಾರಿಗೂ ತುರಿಕೆಯಿರಲಿಲ್ಲ. ಲುಕೇರ್ಯಾ ಎರಡೂ ಕೈ ಎತ್ತಿದಳು. ಸ್ನಾನ ಸನ್ನದಿನಿಂದ ಹೋಯಿತು, ಪುರಸಭೆ ಹಬೆಮನೆಗೆ ಬಂತು. ವಾರಕ್ಕೊಂದು ಸಾರ್ವಜನಿಕ ಸಭೆ, ಶನಿವಾರ ಮಧ್ಯಾಹ್ನ ಗಂಡಸರ ಅಹವಾಲು, ಸಂಜೆ ಹೆಂಗಸರ ಅಹವಾಲು ಎಂದೂ ತೀರ್ಮಾನವಾಯಿತು.

ಮುಂದಿನ ಶನಿವಾರ ಊರಿನ ಆಡಳಿತದ ಮೇಲೆ ಜನರಿಗೆ ಎಲ್ಲಿಲ್ಲದ ಆಸಕ್ತಿ ಬಂದುಬಿಟ್ಟಿತ್ತು. ಹೆಂಗಸರ ಸರದಿಯಲ್ಲಿ ಹಲಗೆಗಳು ತುಂಬಿಹೋಗಿದ್ದವು. ಕಪಿತೊಲೀನಾ ತಾಯಿಯನ್ನು ನಡೆಸಿಕೊಂಡು ಬಂದು ಕೆಳಹಲಗೆಯ ಮೇಲೆ ಕೂರಿಸಿದಳು. ಮುದುಕಿ ಸುತ್ತ ನೋಡಿದಳು. ಮೂಲೆಯಲ್ಲಿ ಹೊಸದಾಗಿ ಒಂದು ಮೇಜು, ಅದರ ಮೇಲೆ ಮೊಹರು, ಅದರ ಹಿಂದೆ ಟವೆಲು ಸುತ್ತಿಕೊಂಡು ಪೆನ್ಸಿಲ್ ಹಿಡಿದ ಲುಕೇರ್ಯಾ.

"ಡಾಕ್ಟ್ರಮ್ಮಾ, ಇದು ಯಾವ ಆಸ್ಪತ್ರೆ?" ಎಂದಳು ಯೆವ್ದೊಕೀಯಾ.

ಕಪಿತೊಲೀನಾ ಮೂಲೆಯ ಮೇಜಿನ ಕಡೆ ನೋಡಿದಳು. ಮೇಜು, ಮೊಹರು ಎಲ್ಲ ತಂದು ತಾನೇ ಕೈಯಾರೆ ಕೆಡಿಸಿಬಿಟ್ಟೆನೇ? ಬಿಸಿನೀರನ್ನು ಆ ಬಾಗಿದ ಬೆನ್ನಿನ ಮೇಲೆ ನಿಧಾನವಾಗಿ ಹೊಯ್ದಳು. ಮುದುಕಿ ಮೊಹರನ್ನೇ ನೋಡುತ್ತಿದ್ದಳು. ಇನ್ನೊಂದು ಚೊಂಬು ಹೊಯ್ದಳು. ಹರಟೆ ಹೊಡೆಯುತ್ತಿದ್ದ ಹೆಂಗಸರೆಲ್ಲ ಇತ್ತ ತಿರುಗಿದರು, ಯಾಕೆಂದರೆ ಊರಿನಲ್ಲಿ ಎಲ್ಲರಿಗೂ ವಿಷಯ ಗೊತ್ತಿತ್ತು.

ಯೆವ್ದೊಕೀಯಾ ಉದ್ದವಾಗಿ ಉಸಿರುಬಿಟ್ಟು ತಲೆ ತಿರುಗಿಸಿದಳು.

ಆ ದಿನದ ನಡಾವಳಿ ಇವತ್ತಿಗೂ ಜಿಲ್ಲಾ ಕಚೇರಿಯಲ್ಲಿದೆ. ಹಾಳೆ ನೀರು ಬಿದ್ದು ಉಬ್ಬಿದೆ, ಕೆಳಗೆ ವಿಕೆಂತಿ ರೊದಿಯೊನೊವಿಚ್‌ನ "ಪರಿಶೀಲಿಸಿದೆ" ಎಂಬ ರುಜುವೂ ಇದೆ. ಅದರಲ್ಲಿ ಲುಕೇರ್ಯಾ ಹೀಗೆ ಬರೆದಿದ್ದಾಳೆ: "ನಾಗರಿಕರ ಅಹವಾಲು. ಯೆವ್ದೊಕೀಯಾ ಸ್ತೆಪಾನೊವ್ನಾ ಮಾತಾಡಿದರು: ಕಾಪ್ಕಾ, ಎಲ್ಲಿ ಹೋಗಿದ್ಯೇ ಇಷ್ಟು ದಿನ, ಕಿವಿ ಹಿಂದೆ ಉಜ್ಜು. ಸಭೆ ಆಲಿಸಿತು. ಅಧ್ಯಕ್ಷರು ಅಳುತ್ತಿದ್ದುದರಿಂದ ಮತಕ್ಕೆ ಹಾಕಲಾಗಲಿಲ್ಲ. ಆದರೂ ಎಲ್ಲರೂ ಕೈ ಎತ್ತಿದರು."