ಹುಣ್ಣಿಮೆಯವರೆಗೂ ತಿಲಕವಿದೆ

ದುರ್ಗೆಯ ಹಬ್ಬ ದಶೈಂ ಹತ್ತಿರ ಬಂತೆಂದರೆ ನೇಪಾಳದ ನಮ್ಮ ಜುಮ್ಲಾದ ಕಾಲುಹಾದಿಗಳಿಗೆ ಬಿಡುವೇ ಇಲ್ಲ. ದುಡಿಯಲು ಹೋದವರು ಊರಿಗೆ ಬರುತ್ತಾರೆ, ಮದುವೆಯಾದವರು ತವರಿಗೆ ಹೊರಡುತ್ತಾರೆ. ಎಲ್ಲರಿಗೂ ಒಂದೇ ಆತುರ. ದಶಮಿಯ ಮುಹೂರ್ತಕ್ಕೆ ಸರಿಯಾಗಿ ಹಿರಿಯರ ಮುಂದೆ ಕೂತಿರಬೇಕು. ಮೊಸರು, ಕುಂಕುಮ ಕಲಸಿದ ಅಕ್ಕಿಯ ತಿಲಕ ಹಣೆಗೆ ಬೀಳಬೇಕು. ಕತ್ತಲಲ್ಲಿ ಬೆಳೆಸಿದ ಬಾರ್ಲಿಯ ಹಳದಿ ಮೊಳಕೆ, ಜಮರಾ, ಕಿವಿಯ ಮೇಲೆ ಕೂರಬೇಕು.

ಹೀಗೆ ಓಡಿದವರಲ್ಲಿ ಯಾರೋ ಒಬ್ಬರು ಚೌರಿ ಘಾಟಿಯ ಮೇಲೇ ಉಳಿದುಬಿಡುತ್ತಾರೆ. ಚೈತ್ರದಲ್ಲಿ ಹಿಮ ಕರಗಿದ ಮೇಲೆ ಸಿಗುತ್ತಾರೆ. "ಹಣೆಬರಹ" ಅಂದು ನಾವು ಚಹಾ ಕುಡಿಯುತ್ತೇವೆ. ನನಗೆ ಮೈ ಉರಿಯುವುದು ಆ ಒಂದು ಮಾತಿಗೆ. ಎಂಥ ಹಣೆಬರಹ? ಆಕಾಶ ಹೇಳಿತ್ತು, ರೇಡಿಯೋ ಹೇಳಿತ್ತು, ಪಕ್ಕದ ಮನೆಯವರು ಹೇಳಿದ್ದರು. ಕೇಳಲಿಲ್ಲ, ಅಷ್ಟೇ.

ನಮ್ಮ ಲುಮ್ಸಾ ಊರಿನ ಹಸ್ತಬೀರನೂ ಕೇಳಲಿಲ್ಲ.

ಅವನು ಪದಮ್‌ಕಲಾಳನ್ನು ಮೂರು ವರ್ಷದ ಹಿಂದೆ ಓಡಿಸಿಕೊಂಡು ಬಂದು ಮದುವೆಯಾದವನು. ಘಾಟಿಯಾಚೆಯ ಕಿಮ್ರಿಯಲ್ಲಿ ಅವಳ ಅಪ್ಪ ಅಂದಿನಿಂದ ಮಗಳ ಹೆಸರೆತ್ತಿರಲಿಲ್ಲ. ಮೂರು ದಶೈಂ ಅವಳ ಹಣೆಗೆ ಅಪ್ಪನ ತಿಲಕವಿಲ್ಲ. ಈ ವರ್ಷ ಹತ್ತು ತಿಂಗಳ ಮೊಮ್ಮಗಳು ಮುನ್ನಿಯ ಸುದ್ದಿ ಕೇಳಿ ಮುದುಕ ಕರಗಿದ್ದ. ಹೇಸರಗತ್ತೆ ಹೊಡೆಯುವವರ ಕೈಲಿ ಮಾತು ಕಳಿಸಿದ್ದ: "ದಶಮಿಗೆ ಬರಲಿ."

ನವಮಿಯ ಬೆಳಿಗ್ಗೆ ಆಕಾಶ ಆಗಷ್ಟೇ ಹಿಂಜಿದ ಉಣ್ಣೆಯಂತಿತ್ತು. ದೂರದ ಬೆಟ್ಟಗಳು ಕೈ ಚಾಚಿದರೆ ಸಿಗುವಷ್ಟು ಹತ್ತಿರ ಬಂದು ನಿಂತಿದ್ದವು. ಕಾಗೆಗಳು ಘಾಟಿ ಬಿಟ್ಟು ಅಕ್ರೋಟ್ ಮರಗಳಿಗೆ ಇಳಿದು, ಸದ್ದೇ ಮಾಡದೆ ಕೂತಿದ್ದವು. ಊರಿಗೆ ಊರೇ ಕನಸಿನೊಳಗೆ ಇದ್ದಂತೆ.

ಆರೋಗ್ಯ ಸ್ವಯಂಸೇವಕಿ ಧನಸರಾ ದೀದಿ ನೀಲಿ ಸೀರೆಯ ಮೇಲೆ ಗಂಡನ ಹಳೇ ಕೋಟು ಹಾಕಿಕೊಂಡು ಅಂಗಳಕ್ಕೆ ಬಂದಳು. ಹಸ್ತಬೀರ ಬೆನ್ನುಬುಟ್ಟಿ ಬಿಗಿಯುತ್ತಿದ್ದ.

"ಏನಪ್ಪಾ, ಎಲ್ಲಿಗೆ ಸವಾರಿ?"

"ಮಾವನ ಮನೆಗೆ, ದೀದಿ. ಮೂರು ವರ್ಷದ ಮೇಲೆ ಕರೆದಿದಾರೆ."

"ರೇಡಿಯೋ ಕೇಳಲಿಲ್ವಾ? ಇವತ್ತು ಮಧ್ಯಾಹ್ನದಿಂದ ಎರಡು ದಿನ ಎತ್ತರದಲ್ಲಿ ಹಿಮ, ಬಿರುಗಾಳಿ ಅಂತ ಹೇಳ್ತಾ ಇದಾರೆ."

"ರೇಡಿಯೋದವನು ಮೊನ್ನೆ ಮಳೆ ಅಂದ. ನನ್ನ ಬಟ್ಟೆ ಒಣಗೇ ಹೋಯ್ತು," ಎಂದು ಅವನು ನಕ್ಕ. "ಚಳಿಗಾಲಕ್ಕೆ ಇನ್ನೂ ತಿಂಗಳಿದೆ. ಒಂದು ಮೋಡ ನೋಡಿ ಅಳಿಯ ಹೆದರಿದ ಅಂತ ಅನ್ನಿಸಿಕೊಳ್ಳಲಾ? ಮೊದಲೇ ಮಗಳನ್ನ ಕದ್ದವನು ಅಂತಾರೆ."

"ಕದ್ದೋನು ಅನ್ನಿಸಿಕೊಂಡರೂ ಬದುಕಿರ್ತೀಯಲ್ಲ. ತಿಲಕ ನಾಳೆ ಒಂದೇ ದಿನಾನಾ? ಹುಣ್ಣಿಮೆವರೆಗೂ ಇಡ್ತಾರೆ ತಾನೇ? ದೂರದೋರು ಬರಲಿ ಅಂತಲೇ ಹಿರಿಯರು ಐದು ದಿನ ಬಿಟ್ಟಿದಾರೆ."

"ಅದು ದೂರದೋರಿಗೆ. ನಾನು ಅಳಿಯ. ಮುಹೂರ್ತಕ್ಕೇ ಹೋಗಬೇಕು."

ಪದಮ್‌ಕಲಾ ಬಾಗಿಲಲ್ಲಿ ನಿಂತಿದ್ದಳು. ಅವಳಿಗೆ ಭಯವೂ ಇತ್ತು, ಅಪ್ಪನ ಮುಖ ನೋಡುವ ಆಸೆಯೂ ಇತ್ತು. ಆಸೆ ಗೆದ್ದಿತು. ದೀದಿ ಅವಳನ್ನು ಪಕ್ಕಕ್ಕೆ ಕರೆದಳು.

"ನೋಡೇ ಸೊಸೆ, ಹೋಗ್ತೀರ, ನಾನು ಕಟ್ಟಿ ಹಾಕಕ್ಕಾಗಲ್ಲ. ಮಗೂನ ಬುಟ್ಟೀಲಿ ಇಡಬೇಡ, ನಿನ್ನ ಎದೆಗೆ ಮೈಗೆ ಮೈ ತಾಗೋ ಹಾಗೆ ಕಟ್ಟಿಕೋ. ಒಣಗಿದ ಬಟ್ಟೆ ಪ್ಲಾಸ್ಟಿಕ್‌ನಲ್ಲಿ ಸುತ್ತಿಟ್ಟುಕೋ. ಇನ್ನೊಂದು ಮಾತು. ಚಳಿ ಬಂದು ನಡುಗೋನಿಗೆ ಇನ್ನೂ ಜೀವ ಇದೆ. ನಡುಗೋದು ನಿಂತು, ನಾಲಿಗೆ ತೊದಲಿ, ಕಾಲು ಎಡವಿ, 'ನನಗೆ ಚಳೀನೇ ಇಲ್ಲ, ಸ್ವಲ್ಪ ಕೂತ್ಕೋತೀನಿ' ಅಂತಾನಲ್ಲ, ಅವನು ಹೊರಟ ಅಂತ ಅರ್ಥ. ಕೂರಕ್ಕೆ ಬಿಡಬೇಡ. ಹಿಂದಕ್ಕೆ ತಿರುಗಿಸು."

"ನಿಮಗೆ ಹೇಗೆ ಗೊತ್ತು, ದೀದಿ?"

ದೀದಿ ಮೈಮೇಲಿದ್ದ ಕೋಟಿನ ಗುಂಡಿ ಹಾಕಿಕೊಂಡಳು. "ಈ ಕೋಟು ಹಾಕ್ಕೋತಿದ್ದೋನು ಕೂತ್ಕೊಂಡ. ನಾನು ಬಿಟ್ಟೆ."

ಮೂರು ತಾಸು ಹತ್ತಿದ ಮೇಲೆ ಕಾಡು ಮುಗಿಯಿತು. ಬೇಸಿಗೆಯಲ್ಲಿ ದನ ಕಟ್ಟುವ ಕಲ್ಲಿನ ಕೊಟ್ಟಿಗೆಯೊಂದು ಅಲ್ಲಿ ಖಾಲಿ ನಿಂತಿತ್ತು. ಅದನ್ನು ದಾಟಿ ಒಂದು ತಾಸು ನಡೆಯುವಷ್ಟರಲ್ಲಿ ಹಿಮ ಶುರುವಾಯಿತು. ಮೊದಲು ಒಂದೊಂದೇ ಹೂವು, ದಾರಿ ತಪ್ಪಿ ಬಂದಂತೆ. ಆಮೇಲೆ ಆಕಾಶವೇ ಸಡಿಲವಾಗಿ ಸುರಿಯತೊಡಗಿತು. ಮುಂದಿನ ಬಂಡೆ ಮಾಯವಾಯಿತು, ಹಿಂದಿನ ಕಾಡು ಮಾಯವಾಯಿತು. ಹೆಜ್ಜೆಯ ಸದ್ದೂ ಇಲ್ಲ. ಲೋಕದಲ್ಲಿ ಮೂರೇ ಜನ, ಬಿಳಿಯ ನಿದ್ದೆಯೊಂದರ ಒಳಗೆ ತೇಲುತ್ತಿರುವಂತೆ. ಆಮೇಲೆ ಗಾಳಿ ಎದ್ದಿತು.

ಹಸ್ತಬೀರ ತನ್ನ ಜಾಕೆಟ್ಟನ್ನು ಹೆಂಡತಿ ಮಗುವಿಗೆ ಹೊದಿಸಿದ್ದ. ಹತ್ತುವಾಗ ಬೆವರಿ ಒದ್ದೆಯಾದ ಹತ್ತಿಯ ಅಂಗಿ ಅವನ ಮೈಗಂಟಿತ್ತು. ಮೊದಲು ಗಡಗಡ ನಡುಗಿದ. ಸ್ವಲ್ಪ ಹೊತ್ತಿನ ಮೇಲೆ ನಡುಕ ನಿಂತಿತು. ಒಂದು ಬಂಡೆಯ ಪಕ್ಕ ಬುಟ್ಟಿ ಇಳಿಸಿ ಕೂತ.

"ಕೇಳ್ತಾ... ವಾದ್ಯ," ಎಂದ. ನಾಲಿಗೆ ದಪ್ಪವಾಗಿತ್ತು. "ಮಾವನ ಮನೇದು. ಬಾಗಿಲು ತೆಗೆದಿದೆ. ಒಲೆ... ಎಷ್ಟು ಬೆಚ್ಚಗಿದೆ ನೋಡು."

ಅವನ ಮುಖದಲ್ಲಿ ಅಷ್ಟು ಚೆಂದದ ನಗು ಅವಳು ಮದುವೆಯ ದಿನವೂ ನೋಡಿರಲಿಲ್ಲ. ಕಣ್ಣಿನ ರೆಪ್ಪೆಯ ಮೇಲೆ ಹಿಮ ಕೂತಿತ್ತು. ಒಂದು ಗಳಿಗೆ ಪದಮ್‌ಕಲಾಳಿಗೂ ಆ ವಾದ್ಯ ಕೇಳಿಸಿತು. ತಾನೂ ಪಕ್ಕದಲ್ಲಿ ಕೂತರೆ ಎಂಥ ಸುಖ ಅನ್ನಿಸಿತು.

ಆಗ ದೀದಿಯ ಮೈಮೇಲಿದ್ದ ಕೋಟು ಕಣ್ಣಿಗೆ ಕಟ್ಟಿತು.

"ಮುನ್ನಿಯ ಅಪ್ಪಾ, ಏಳು!"

ಅವನು ಏಳಲಿಲ್ಲ. ಅಳಿಯಂದಿರು ಹಬ್ಬಕ್ಕೆ ಒಯ್ಯುವ ಹಾಗೆ ಮಾವನಿಗೆಂದು ಬುಟ್ಟಿಯಲ್ಲಿ ಇಟ್ಟಿದ್ದ ರಕ್ಸಿ ಹೆಂಡದ ಬಾಟಲಿಗೆ ಕೈ ಹಾಕಿದ. ಬೆರಳು ಬಿರಡೆ ಹಿಡಿಯಲಾರದೆ ತಡಕಾಡುತ್ತಿತ್ತು. ಅವಳು ಬಾಟಲಿ ಕಿತ್ತು ಹಿಮದೊಳಕ್ಕೆ ಎಸೆದಳು. ಹೆಂಡ ಕುಡಿದರೆ ಬೆಚ್ಚಗಾದ ಹಾಗೆ ಅನ್ನಿಸುತ್ತದೆ, ಮೈಯೊಳಗಿನ ಬಿಸಿ ಮಾತ್ರ ಇನ್ನೂ ಬೇಗ ಹೊರಗೆ ಹೋಗುತ್ತದೆ ಎಂದು ದೀದಿ ತಾಯಂದಿರ ಸಭೆಯಲ್ಲಿ ಎಷ್ಟು ಸಲ ಹೇಳಿದ್ದಳು!

ಆಮೇಲೆ ಪದಮ್‌ಕಲಾ ನಮ್ಮೂರಿನ ಯಾವ ಹೆಂಗಸೂ ಮಾಡದ ಕೆಲಸ ಮಾಡಿದಳು. ಗಂಡನ ಕೆನ್ನೆ ಹಿಡಿದು, ಗಾಳಿಗಿಂತ ಜೋರಾಗಿ ಕೂಗಿದಳು:

"ಹಸ್ತಬೀರಾ! ಏಯ್ ಹಸ್ತಬೀರಾ! ಎದ್ದೇಳೋ!"

ಅವನ ಕಣ್ಣು ತೆರೆಯಿತು. "ಏನೇ... ಹೆಸರು ಹಿಡಿದು ಕರೆದ್ಯಾ?"

"ಹೂಂ, ಕರೆದೆ. ಎದ್ದು ಬಂದು ಬೈ, ನೋಡೋಣ!"

ಬುಟ್ಟಿಯಿಂದ ಪ್ಲಾಸ್ಟಿಕ್ ಗಂಟು, ತಂಬಿಗೆ, ಸಕ್ಕರೆ, ಬೆಂಕಿಪೊಟ್ಟಣ ಅಷ್ಟೇ ಎತ್ತಿಕೊಂಡಳು. ಉಳಿದದ್ದು ಅಲ್ಲೇ ಬಿಟ್ಟಳು. ತನ್ನ ನಡುವಿಗೆ ಸುತ್ತಿದ್ದ ಬಟ್ಟೆಯ ಪಟ್ಟಿ ಬಿಚ್ಚಿ ಅವನ ಸೊಂಟಕ್ಕೆ ಬಿಗಿದು, ಎಡವಿದಾಗಲೆಲ್ಲ ಹೆಸರು ಹಿಡಿದು ಬೈಯುತ್ತ, ಬಂದ ಇಳಿಜಾರನ್ನೇ ಹಿಡಿದು ಕೊಟ್ಟಿಗೆಗೆ ಎಳೆದು ತಂದಳು.

ಒಳಗೆ ಅವನ ಒದ್ದೆ ಬಟ್ಟೆ ಬಿಚ್ಚಿ ಒಣಗಿದ್ದನ್ನು ತೊಡಿಸಿದಳು. ಮೂಲೆಯಲ್ಲಿ ಉಳಿದಿದ್ದ ಸೌದೆಗೆ ಬೆಂಕಿ ಹಚ್ಚಿ, ತಂಬಿಗೆಯಲ್ಲಿ ಹಿಮ ಕರಗಲು ಇಟ್ಟಳು. ಒಣಹುಲ್ಲಿನ ಮೇಲೆ ಮಲಗಿಸಿ ಅವನ ಬೆನ್ನಿಗೆ ತನ್ನ ಬೆನ್ನು ಅಂಟಿಸಿ ಮಲಗಿದಳು. ದೀದಿ ಸಭೆಯಲ್ಲಿ ಬೇಡವೆಂದಿದ್ದು ನೆನಪಾಗಿ ಕೈಕಾಲು ಉಜ್ಜಲಿಲ್ಲ, ಬೆಂಕಿಯ ತೀರಾ ಹತ್ತಿರ ಒಯ್ಯಲಿಲ್ಲ. ಮಾತು ನೆಟ್ಟಗಾಗಿ, ನುಂಗಲು ಬಂದ ಮೇಲೆ ಸಕ್ಕರೆ ಹಾಕಿದ ಬೆಚ್ಚನೆ ನೀರನ್ನು ಗುಟುಕು ಗುಟುಕಾಗಿ ಕುಡಿಸಿದಳು. ನಡುಕ ಮತ್ತೆ ಶುರುವಾಯಿತು. ಆ ನಡುಕ ಕಂಡು ಅವಳು ಅತ್ತಳು. ಎದೆಯೊಳಗಿಂದ ಮುನ್ನಿಯೂ ಜೊತೆಗೆ ಅತ್ತಳು.

ಗಾಳಿ ನಿಂತ ಮೊದಲ ಬೆಳಿಗ್ಗೆ ಮೂವರೂ ಲುಮ್ಸಾಕ್ಕೆ ಇಳಿದರು. ದಶಮಿ ಮುಗಿದಿತ್ತು. ಹಿಮಕ್ಕೆ ಟವರ್ ಕೆಟ್ಟು ಫೋನೂ ಸತ್ತಿತ್ತು. ಹಸ್ತಬೀರ ಒಲೆಯ ಮುಂದೆ ತಲೆ ತಗ್ಗಿಸಿ ಕೂತ.

"ಹೋಯ್ತು ಬಿಡು. ಇನ್ನು ನಿಮ್ಮಪ್ಪ ಜನ್ಮದಲ್ಲಿ ಕರೆಯಲ್ಲ."

"ಕರೆಯದಿದ್ದರೆ ಕರೆಯದೇ ಹೋಗ್ತೀನಿ," ಎಂದಳು ಪದಮ್‌ಕಲಾ. "ಆಕಾಶ ತಿಳಿಯಾಗಲಿ."

ಹುಣ್ಣಿಮೆಗೆ ಒಂದು ದಿನ ಮುಂಚೆ ಧನಸರಾ ದೀದಿ ಬಂದಳು. ರೇಡಿಯೋ ಮೂರು ದಿನ ಬಿಸಿಲು ಅಂದಿದೆ, ಹೇಸರಗತ್ತೆಗಳು ಘಾಟಿ ದಾಟಿ ದಾರಿ ತುಳಿದಿವೆ ಎಂದಳು. ಹಸ್ತಬೀರ ಈ ಸಲ ರೇಡಿಯೋದವನನ್ನು ಗೇಲಿ ಮಾಡಲಿಲ್ಲ. ಉಣ್ಣೆಯ ಅಂಗಿ ಹಾಕಿಕೊಂಡ.

ಕಿಮ್ರಿಯಲ್ಲಿ ಮುದುಕ ಮನೆಯ ಮಾಳಿಗೆಯ ಮೇಲೆ ನಿಂತಿದ್ದ. ಏಣಿ ಇಳಿದು ಬಂದ. ಅಳಿಯ ಕಾಲಿಗೆ ಬಿದ್ದ.

"ಮಾವ, ಮುಹೂರ್ತಕ್ಕೆ ಬರಕ್ಕಾಗಲಿಲ್ಲ. ತಪ್ಪಾಯ್ತು."

"ಮುಹೂರ್ತಕ್ಕೆ ಬೆಂಕಿ ಹಾಕ!" ಎಂದ ಮುದುಕ. "ದಶಮಿ ದಿನ ಘಾಟಿ ಕಾಣಿಸಲಿಲ್ಲ. ಎಲ್ಲರೂ ದುರ್ಗೆ ಹತ್ರ ಆಯಸ್ಸು ಕೇಳ್ತಾ ಇದ್ರು. ನಾನು ಕೇಳಿದ್ದು ಒಂದೇ. ತಾಯಿ, ನನ್ನ ಮಗಳು ಬರದೇ ಇರಲಿ."

ಕತ್ತಲ ಮೂಲೆಯಿಂದ ಜಮರಾದ ಕುಡಿಕೆ ತಂದ. ಮೊಳಕೆ ಉದ್ದ ಬೆಳೆದು ಸೋತು ಬಾಗಿತ್ತು. ಮಗಳ ಹಣೆಗೆ ತಿಲಕ ಒತ್ತಿದ, ಮೊಮ್ಮಗಳ ಹಣೆಗೆ ಒತ್ತಿದ. ಮೂರು ವರ್ಷದ್ದೂ ಸೇರಿಸಿ ಇಟ್ಟಂತೆ ಅದು ದಪ್ಪವಾಗಿತ್ತು.

"ಮೂರು ವರ್ಷ ಕಾದೋನು ನಾನು," ಎಂದ. "ಐದು ದಿನ ಕಾಯಲ್ವಾ?" ಆಮೇಲೆ ಅಳಿಯನ ಕಡೆ ತಿರುಗಿದ. "ಅದಿರಲಿ, ನನ್ನ ಬಾಟಲಿ ಎಲ್ಲಿ?"

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಬುಟ್ಟಿ ಕಟ್ಟಿ ಆಗಿರಬಹುದು. ಒಂದು ಗಳಿಗೆ ಅಂಗಳಕ್ಕೆ ಬಂದು ತಲೆಯೆತ್ತಿ ನೋಡಿ. ರೇಡಿಯೋ ಹಾಕಿ. ಬಿರುಗಾಳಿ ಅಂದರೆ ಬುಟ್ಟಿ ಬಿಚ್ಚಿ. ದಾರಿಯಲ್ಲೇ ಸಿಕ್ಕಿಬಿದ್ದರೆ ನಾಚಿಕೆ ಬಿಟ್ಟು ಹಿಂದಿರುಗಿ. ಜೊತೆಯವನ ನಾಲಿಗೆ ತೊದಲಿದರೆ, ಬೆಚ್ಚಗಿದೆ ಎಂದು ನಕ್ಕರೆ, ಆ ನಗುವನ್ನು ನಂಬಬೇಡಿ. ಅವನ ಹೆಸರು ಹಿಡಿದು ಕೂಗಿ, ಗಾಳಿಯಿಲ್ಲದ ಜಾಗಕ್ಕೆ ಎಳೆದು ತನ್ನಿ. ಅಪ್ಪ ಅಮ್ಮ ಕಾಯುತ್ತಾರೆ. ಕಾಯುವುದು ನಿಮ್ಮ ಹಣೆಗಾಗಿ, ಮುಹೂರ್ತಕ್ಕಲ್ಲ.