ಅತಿಥಿಗಳಿಗೆ ಹಾವುಮೀನು

ಕಡಲ ಕಡೆಯ ನೆಂಟರು ಬರುತ್ತಾರೆಂದು ತಿಳಿದಾಗಿನಿಂದ ಹೆನಾರೆಗೆ ಊಟ ಸೇರುತ್ತಿರಲಿಲ್ಲ. ಮಾವೊರಿ ಜನರಲ್ಲಿ ಒಂದೊಂದು ಕುಲವೂ ಒಂದೊಂದು ತಿನಿಸಿಗೆ ಹೆಸರುವಾಸಿ. ಕಡಲಿನವರು ಚಿಪ್ಪುಮೀನನ್ನು ಬುಟ್ಟಿಗಟ್ಟಲೆ ಸುರಿದು ಬಡಿಸುವವರು. ಹೆನಾರೆಯ ಕುಲ ತನ್ನ ತೊರೆಯ ಹಾವುಮೀನನ್ನು ಬಡಿಸಬೇಕು. ಹೋದ ಸಲ ಬಡಿಸಿದ್ದು ಅಂಗಡಿಯ ಕೋಳಿ. ನೆಂಟರ ಹಿರಿಯ ಪರಾಯಿರೆ ಕೋಳಿಯ ರೆಕ್ಕೆಯನ್ನು ಎತ್ತಿ ಹಿಡಿದು, “ಏನ್ರಯ್ಯಾ, ನಿಮ್ ತೊರೇಲಿ ಹಾವುಮೀನಿಗೂ ರೆಕ್ಕೆ ಬಂದಿದ್ಯಾ?” ಎಂದಾಗ ಸಭಾಮನೆಯೆಲ್ಲ ನಕ್ಕಿತ್ತು. ಹೆನಾರೆಯೂ ನಕ್ಕಿದ್ದ. ನಗದೆ ಏನು ಮಾಡುತ್ತಾನೆ? ತೊರೆಯನ್ನು ಕೆಡಿಸಿದ್ದು ಅವನ ಕೊಟ್ಟಿಗೆಯೇ.

ಅದು ಎಲ್ಲರಿಗೂ ಗೊತ್ತಿತ್ತು. ಹಾಲಿನ ಬೆಲೆ ಏರಿದ ಕಾಲದಲ್ಲಿ ಹಸುಗಳನ್ನು ಹೆಚ್ಚಿಸಿದ, ಹುಲ್ಲಿಗೆ ಗೊಬ್ಬರ ಸುರಿದ, ಸಗಣಿ ನೀರನ್ನು ತೊರೆಗೆ ಬಿಟ್ಟ. ಗೊಬ್ಬರ ಉಂಡ ನೀರು ಹಸಿರು ಲೋಳೆ ಕಟ್ಟಿತು, ಲೋಳೆ ಕೊಳೆತು ನೀರಿನ ಉಸಿರು ಕಟ್ಟಿತು, ಹಾವುಮೀನುಗಳು ಕಾಣದಾದವು. ಯಾರೂ ಅವನನ್ನು ಬೈಯಲಿಲ್ಲ. ಬೈದಿದ್ದರೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲವೇನೋ.

ಆಮೇಲೆ ಬುದ್ಧಿ ಬಂತು. ಅರ್ಧ ಹಸುಗಳನ್ನು ಮಾರಿದ, ದಂಡೆಗೆ ಬೇಲಿ ಹಾಕಿ ಗಿಡ ನೆಟ್ಟ. ನೀರು ಬೇಗನೆ ತಿಳಿಯಾಯಿತು, ಆದರೆ ಖಾಲಿಯಾಗಿಯೇ ಹರಿಯಿತು. ಮಣ್ಣಿನೊಳಗಿನ ಹಳೆಯ ಗೊಬ್ಬರ ವರ್ಷಗಟ್ಟಲೆ ಜಿನುಗುತ್ತಲೇ ಇತ್ತು. ಕೊನೆಗೊಂದು ಬೇಸಿಗೆಯಲ್ಲಿ ಕಲ್ಲು ಮಗುಚಿದರೆ ಅಡಿಯಲ್ಲಿ ನೀರುಹುಳಗಳು ಓಡಿದವು. ಆಮೇಲೆ ಬೆರಳುದ್ದದ ಹಾವುಮೀನು ಮರಿಗಳು ಕಡಲಿನಿಂದ ಹತ್ತಿ ಬಂದವು. ಅವತ್ತು ಹೆನಾರೆ ದಂಡೆಯ ಮೇಲೆ ಕೂತು ಅತ್ತುಬಿಟ್ಟ.

ಆದರೆ ಮರಿಗಳನ್ನು ನೆಂಟರಿಗೆ ಬಡಿಸಲಾದೀತೇ? ಅವರು ಬರುವ ಹಿಂದಿನ ದಿನ ಮಳೆ ಸುರಿದು ತೊರೆ ಉಬ್ಬಿತು. ಹೆನಾರೆ ಅಪ್ಪನ ಕಾಲದ ಬಲೆಯನ್ನು ಅಡ್ಡ ಕಟ್ಟಿದ. ಬೆಳಿಗ್ಗೆ ನೋಡಿದರೆ ತೊಡೆಯಷ್ಟು ದಪ್ಪದ ಹಾವುಮೀನು ಬಿದ್ದಿತ್ತು. ಒಂದೇ ಒಂದು. ಮಳೆ ಬಂದಾಗ ಎಲ್ಲಕ್ಕಿಂತ ಮೊದಲು ಕಡಲಿಗೆ ಇಳಿಯುವ ದೊಡ್ಡ ಮೀನಿಗೆ ದಾರಿ ಬಿಡಬೇಕು ಎಂದು ಅಪ್ಪ ಹೇಳುತ್ತಿದ್ದದ್ದು ನೆನಪಾಗದೆ ಇರಲಿಲ್ಲ. ಆದರೆ ಅಪ್ಪನಿಗೆ ಯಾರೂ ಕೋಳಿಯ ರೆಕ್ಕೆ ತೋರಿಸಿರಲಿಲ್ಲವಲ್ಲ! ಹೆನಾರೆ ದೊಣ್ಣೆ ಎತ್ತಿಕೊಂಡ.

ಸಭಾಮನೆಯ ಅಡುಗೆ ನೋಡಿಕೊಳ್ಳುತ್ತಿದ್ದವಳು ಅವನ ಅಕ್ಕ ನಹುಯಾ. ಮೀನಿನ ಹೊಟ್ಟೆ ಸೀಳಿದವಳು ಹಾಗೇ ಕೈ ತಡೆದಳು. ಕರುಳು ಖಾಲಿ, ಹೊಟ್ಟೆ ತುಂಬ ಎಳೆಯ ಮೊಟ್ಟೆ.

“ಇವ್ಳು ಊಟ ಬಿಟ್ಟು ಹೊರಟಿದ್ಳು ಕಣೋ. ಕಡಲಿಗೆ, ಮೊಟ್ಟೆ ಇಡೋಕೆ. ಜೀವಮಾನಕ್ಕೆ ಒಂದೇ ಸಲ.”

“ಗೊತ್ತು.”

“ಗೊತ್ತಂತೆ! ಇಷ್ಟು ದಪ್ಪ ಆಗ್ಬೇಕಾದ್ರೆ ಹತ್ರಹತ್ರ ನಿನ್ ವಯಸ್ಸೇ ಆಗಿರುತ್ತೆ. ನಿನ್ ಹೊಲಸನ್ನೆಲ್ಲ ಕುಡಿದೂ ಬದುಕಿದ್ಳು. ಈಗ ನೀರು ಚೆನ್ನಾಗಾಗಿ, ಮೈಗೆ ಒಂದಿಷ್ಟು ಕೊಬ್ಬು ಹತ್ತಿ ಹೊರಟ್ರೆ...” ಅವಳು ಮಾತು ಮುಗಿಸದೆ ಚಾಕು ತೊಳೆದಳು. “ಸತ್ತಿದ್ದನ್ನ ಹಾಳು ಮಾಡೋಕಾಗಲ್ಲ. ಹೋಗು, ಸೌದೆ ತಾ.”

ಸುಟ್ಟ ಮೀನಿನ ಪರಿಮಳಕ್ಕೇ ನೆಂಟರು ಎದ್ದು ನಿಂತರು. ಪರಾಯಿರೆ ಟೋಪಿ ತೆಗೆದ. ಮುದುಕನ ಕಣ್ಣಲ್ಲಿ ನೀರಿತ್ತು.

“ಹೋದ್ಸಲ ಬಾಯಿಗೆ ಬಂದಂಗೆ ಅಂದ್ಬಿಟ್ಟೆ, ಮನಸ್ಸಿಗೆ ಹಚ್ಕೋಬೇಡಪ್ಪಾ. ಸತ್ತ ತೊರೆನ ಬದುಕಿಸಿದೋನು ನೀನು. ಮೊದಲ್ನೇ ತುತ್ತು ನಿಂದೇ.”

ಇಡೀ ಸಭಾಮನೆ ಹೆನಾರೆಗಾಗಿ ಹಾಡಿತು. ಬಾಗಿಲಲ್ಲಿ ನಿಂತಿದ್ದ ನಹುಯಾ ಮಾತ್ರ ಹಾಡಲಿಲ್ಲ. ಭೂಮಿ ಬಾಯಿಬಿಡಬಾರದೇ ಅನಿಸಿತು ಅವನಿಗೆ. ತುತ್ತನ್ನು ಬಾಯಿಗಿಟ್ಟ. ನಾಚಿಕೆಯಿಂದ ಕಿವಿ ಸುಡುತ್ತಿದ್ದರೂ ಮೀನು ಬಹಳ ರುಚಿಯಾಗಿತ್ತು. ಎಲ್ಲರೂ ನೋಡುತ್ತಿದ್ದಂತೆ ಅವನು ಇನ್ನೊಂದು ತುತ್ತು ತೆಗೆದುಕೊಂಡ.